ನಿಸಿದಿ ಎಂದರೆ ‘ನಿಷಿದ್ಧ’ ಸ್ಥಳವೇ?

ಪ್ರಶ್ನೆ:
ನಮ್ಮ ಊರ ಕೆರೆ ಏರಿಯ ಪಕ್ಕದಲ್ಲಿ ಕೆತ್ತನೆಯ ಕಲ್ಲೊಂದು ಅರ್ಧ ಹೂತು ನಿಂತಿದೆ. ಮೇಲೆ ಪದ್ಮಾಸನದ ಜಿನಮೂರ್ತಿ, ಕೆಳಗೆ ಎದುರುಬದುರಾಗಿ ಕುಳಿತ ಇಬ್ಬರು, ಅವರ ನಡುವೆ ಏನೋ ಪೀಠ. ನೋಡಿದವರೊಬ್ಬರು ಇದನ್ನು ನಿಸಿದಿಗಲ್ಲು ಎಂದರು. ಹೆಣ ಹೂಳಿದ ಜಾಗಕ್ಕೆ ಹೋಗುವುದು ನಿಷಿದ್ಧ, ಅದಕ್ಕೇ ಆ ಹೆಸರು ಎಂದೂ ಹೇಳಿದರು. ಅಂದಿನಿಂದ ಮಕ್ಕಳನ್ನು ಅತ್ತ ಬಿಡುತ್ತಿಲ್ಲ. ಈ ಅರ್ಥ ಸರಿಯೇ?

ಉತ್ತರ 1:
ಖಂಡಿತ ಸರಿಯಲ್ಲ, ದಯವಿಟ್ಟು ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ. ಈ ಪದದ ಬೇರು ‘ನಿ’ ಸೇರಿದ ‘ಸದ್’ ಧಾತು, ಅಂದರೆ ಕುಳಿತುಕೊಳ್ಳು. ಉಪನಿಷತ್ತಿನಲ್ಲಿರುವುದೂ ಇದೇ ಧಾತು. ಸಂಸ್ಕೃತದ ನಿಷದ್ಯಾ ಎಂದರೆ ಕೂರುವ ಸ್ಥಳ. ಒಡಿಶಾದ ಉದಯಗಿರಿಯಲ್ಲಿರುವ, ಕಳಿಂಗದ ಅರಸ ಖಾರವೇಲನ ಹಾಥಿಗುಂಫಾ ಶಾಸನದಲ್ಲಿಯೇ ಇದರ ಪ್ರಾಕೃತ ರೂಪ ಸಿಗುತ್ತದೆ. ನಮ್ಮ ಶಾಸನಗಳು ನಿಸಿದಿ, ನಿಸಿಧಿ, ನಿಷಿಧಿ, ನಿಷಿಧಿಗೆ ಎಂದು ನಾನಾ ಬಗೆಯಲ್ಲಿ ಬರೆದಿವೆ. ‘ಷ’ಕಾರ, ‘ಧ’ಕಾರಗಳು ಸೇರಿದ್ದರಿಂದ ಕೇಳುವವರ ಕಿವಿಗೆ ನಿಷೇಧ ಬಿದ್ದಿದೆ, ಅಷ್ಟೇ.

ಅಲ್ಲಿ ಕುಳಿತವರು ಸಲ್ಲೇಖನ ವ್ರತ ಹಿಡಿದವರು: ಅನ್ನನೀರು ತೊರೆದು, ಗುರುವಿನ ಮಾತು ಕೇಳುತ್ತ ಪ್ರಾಣ ಬಿಟ್ಟವರು. ನೀವು ಹೇಳಿದ ಪೀಠ ಗ್ರಂಥವಿಡುವ ಠವಣೆಕೋಲು. ಅದರ ಆಚೀಚೆ ಗುರು, ಶಿಷ್ಯ. ಶ್ರವಣಬೆಳಗೊಳದ ಚಂದ್ರಗಿರಿಗೆ ಒಮ್ಮೆ ಹೋಗಿಬನ್ನಿ. ರಾಷ್ಟ್ರಕೂಟರ ನಾಲ್ವಡಿ ಇಂದ್ರ 982ರಲ್ಲಿ ದೇಹ ಬಿಟ್ಟದ್ದು ಬೆಳಗೊಳದಲ್ಲಿ. ಶಾಂತಲೆಯ ತಾಯಿ ಮಾಚಿಕಬ್ಬೆಯೂ ಅಲ್ಲಿಯೇ ವ್ರತದಿಂದ ಪ್ರಾಣ ಬಿಟ್ಟವಳು. ಅರಸನಿರಲಿ, ಸಾಮಾನ್ಯ ಗೃಹಿಣಿಯಿರಲಿ, ಆ ಸಾವನ್ನು ಊರು ಗೌರವಿಸಿ ಕಲ್ಲು ನಿಲ್ಲಿಸಿತು. ಅಂಥ ಕಲ್ಲಿಗೆ ‘ಹೋಗಬಾರದ ಜಾಗ’ ಎಂಬ ಹೆಸರು ಅಂಟಿದರೆ ನನಗೆ ನಿಜಕ್ಕೂ ನೋವಾಗುತ್ತದೆ.

ಉತ್ತರ 2:
ಒಂದು ಸೇರಿಸುತ್ತೇನೆ. ನಿಸಿದಿ ಇದ್ದಲ್ಲೆಲ್ಲ ಕೆಳಗೆ ದೇಹವಿದೆ ಎಂದುಕೊಳ್ಳಬೇಕಿಲ್ಲ. ವೀರಗಲ್ಲಿನಂತೆ ಇದೂ ಸ್ಮಾರಕ. ಗೋರಿಯ ಮಾತು ಬೇರೆ. ಅದು ಪಾರಸಿಯ ‘ಗೋರ್’, ಹೂಳಿದ ಜಾಗವೆಂದೇ ಅರ್ಥ.

ಉತ್ತರ 3:
‘ಕೂರುವ ಸ್ಥಳ’ ಎಂದು ಓದಿದಾಗ ನನಗೆ ಗದ್ದುಗೆ ನೆನಪಾಯಿತು. ಚುನಾವಣೆಯಲ್ಲಿ ಗೆದ್ದವರು ಏರುವುದೂ ಗದ್ದುಗೆ, ಮಠದಲ್ಲಿ ನಾವು ಹಣೆ ಹಚ್ಚುವುದೂ ಕರ್ತೃ ಗದ್ದುಗೆ. ಲಿಂಗಾಯತ ಸಂಪ್ರದಾಯದಲ್ಲಿ ದೇಹವನ್ನು ಕುಳಿತ ಭಂಗಿಯಲ್ಲೇ ವಿಭೂತಿಯೊಡನೆ ಸಮಾಧಿ ಮಾಡುತ್ತಾರೆ, ಇಷ್ಟಲಿಂಗ ಅಂಗೈಯಲ್ಲಿರುತ್ತದೆ. ಮಡಿಕೇರಿಯಲ್ಲಿ ಕೊಡಗಿನ ಅರಸರ ಸಮಾಧಿಗಳನ್ನೂ ಗದ್ದುಗೆ ಎಂದೇ ಕರೆಯುತ್ತಾರೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ವಂದನೆಗಳು. ಕಲ್ಲಿನ ಪಟ್ಟಿಯಲ್ಲಿ ಸವೆದ ಅಕ್ಷರಗಳಿವೆ. ಸೀಮೆಸುಣ್ಣ ತೀಡಿ ಓದಬಹುದೇ?

ಉತ್ತರ 1:
ಸೀಮೆಸುಣ್ಣ, ಎಣ್ಣೆ, ಅರಿಸಿನ ಯಾವುದೂ ಬೇಡ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಹಲವು ಕೋನಗಳಿಂದ ಫೋಟೋ ತೆಗೆಯಿರಿ, ಅಕ್ಷರಗಳ ನೆರಳು ಎದ್ದು ಕಾಣುತ್ತದೆ. ಇಲ್ಲಿ ಹಾಕಿದರೆ ಓದಲು ನಾನೂ ಕೂರುತ್ತೇನೆ.