ಐ20 ಎನ್ ಲೈನ್: ಮ್ಯಾನುವಲ್ಲೋ, ಡಿಸಿಟಿಯೋ?

ಪ್ರಶ್ನೆ (ನಾಗರಭಾವಿಯಿಂದ):

ನಮಸ್ಕಾರ ಸರ್. ಹತ್ತು ವರ್ಷದ ಹಳೇ ಕಾರು ಕೊಟ್ಟು ಹ್ಯುಂಡೈ ಐ20 ಎನ್ ಲೈನ್ ತಗೊಳ್ಳೋದು ಅಂತ ತೀರ್ಮಾನ ಆಗಿದೆ. ಸಿಕ್ಕಿಕೊಂಡಿರೋದು ಒಂದೇ ಕಡೆ: ಆರು ಗೇರಿನ ಮ್ಯಾನುವಲ್ ತಗೊಳ್ಳೋದಾ, ಏಳು ಗೇರಿನ ಡಿಸಿಟಿ (ಎರಡು ಕ್ಲಚ್ಚಿನ ಆಟೋಮ್ಯಾಟಿಕ್) ತಗೊಳ್ಳೋದಾ?

ಆಫೀಸು ಬೆಳ್ಳಂದೂರಲ್ಲಿ. ನಾಯಂಡಹಳ್ಳಿ, ಬನಶಂಕರಿ, ಸಿಲ್ಕ್ ಬೋರ್ಡ್ ದಾಟಿ ಹೋಗಬೇಕು, ವಾರಕ್ಕೆ ಮೂರು ದಿನ. ತಿಂಗಳಿಗೊಮ್ಮೆ ಊರು, ಮೂಡಿಗೆರೆ. ಶೋರೂಮಿನವರು ಡಿಸಿಟಿನೇ ಫಾಸ್ಟು ಅಂತಾರೆ. ಸ್ನೇಹಿತರು ಬೆಂಗಳೂರು ಟ್ರಾಫಿಕ್ಕಲ್ಲಿ ಡಿಸಿಟಿ ಕ್ಲಚ್ಚು ಸುಟ್ಟೇ ಹೋಗುತ್ತೆ ಅಂತಾರೆ. ಯಾರ ಮಾತು ನಂಬಲಿ? ಓಡಿಸೋ ಖುಷಿ ನನಗೆ ಮುಖ್ಯ ಸರ್, ಅದಕ್ಕೇ ಮಾಮೂಲಿ ಐ20 ಬಿಟ್ಟು ಇದಕ್ಕೆ ಬಂದಿರೋದು.

ಉತ್ತರ (ರಾಜಾಜಿನಗರದ ಗ್ಯಾರೇಜಿನಿಂದ):

ನಮಸ್ಕಾರ. ಇಂಥ ಗಾಡಿಯನ್ನು ಇಷ್ಟಪಟ್ಟು ಕೇಳುವವರು ಈಗ ಕಡಿಮೆ. ಒಂದು ಕಾಲಕ್ಕೆ ಪೋಲೋ ಜಿಟಿ ಇತ್ತು, ಬಲೆನೋ ಆರ್‌ಎಸ್ ಇತ್ತು, ಅಬಾರ್ಥ್ ಪುಂಟೊ ಇತ್ತು. ಒಂದೊಂದಾಗಿ ಎಲ್ಲವೂ ಹೋದವು, ಜನ ಎತ್ತರದ ಗಾಡಿಗಳ ಕಡೆ ತಿರುಗಿದರು. ಹಾಗಾಗಿ ನಿಮ್ಮ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಶೋರೂಮಿನವರ ಮಾತು. ಎರಡರಲ್ಲೂ ಇರುವುದು ಒಂದೇ ಇಂಜಿನ್. 998 ಸಿಸಿ, ಮೂರು ಸಿಲಿಂಡರಿನ ಟರ್ಬೊ ಪೆಟ್ರೋಲ್, 120 ಪಿಎಸ್ ಶಕ್ತಿ, 172 ಎನ್‌ಎಂ ಟಾರ್ಕ್, ಅಂದರೆ ಎಳೆಯುವ ಬಲ. ಆ ಟಾರ್ಕ್ 1,500 ಆರ್‌ಪಿಎಂನಿಂದ 4,000ದವರೆಗೆ ಸಿಗುತ್ತದೆ. ಡಿಸಿಟಿಯಲ್ಲಿ ಮುಂದಿನ ಗೇರು ಮೊದಲೇ ಸಿದ್ಧವಾಗಿ ಕೂತಿರುತ್ತದೆ, ಗೇರು ಬದಲಾಗುವಾಗ ಎಳೆತ ಕಡಿದುಹೋಗುವುದಿಲ್ಲ. ಆ ಅರ್ಥದಲ್ಲಿ ಅದು ಚುರುಕು, ನಿಜ. ಆದರೆ ನಾಯಂಡಹಳ್ಳಿಯಿಂದ ಬೆಳ್ಳಂದೂರಿನವರೆಗೆ ಆ ಚುರುಕನ್ನು ಎಲ್ಲಿ ಖರ್ಚು ಮಾಡುತ್ತೀರಿ? ಬೆಂಗಳೂರು–ಮೈಸೂರು ಹೆದ್ದಾರಿಯಲ್ಲೂ ಕಾರಿಗೆ ಮಿತಿ 100 ಕಿ.ಮೀ., ಮೇಲೆ ಕ್ಯಾಮೆರಾ. ಅರ್ಧ ಸೆಕೆಂಡಿನ ಲೆಕ್ಕದಲ್ಲಿ ಗೇರ್‌ಬಾಕ್ಸ್ ಆರಿಸಬೇಡಿ.

ಟರ್ಬೊ ಇಂಜಿನ್ನಿನಿಂದ ನಮ್ಮ ಊರಿಗೆ ಒಂದು ಲಾಭ ಇದೆ, ಯಾರೂ ಹೇಳುವುದಿಲ್ಲ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಹತ್ತಿರಹತ್ತಿರ ಶೇ. 10ರಷ್ಟು ಕಡಿಮೆ. ಟರ್ಬೊ ಇಲ್ಲದ ಇಂಜಿನ್ ಹೆಚ್ಚುಕಡಿಮೆ ಅಷ್ಟೇ ಬಲ ಕಳೆದುಕೊಳ್ಳುತ್ತದೆ. ಟರ್ಬೊ ಗಾಳಿಯನ್ನು ಒತ್ತಿ ತುಂಬುವುದರಿಂದ ಆ ಕೊರತೆಯನ್ನು ಬಹುಪಾಲು ತುಂಬಿಕೊಡುತ್ತದೆ. ಮಾಮೂಲಿ 1.2 ಲೀಟರ್ ಐ20 ಓಡಿಸಿ ಇದಕ್ಕೆ ಹತ್ತಿದರೆ ವ್ಯತ್ಯಾಸ ಕಾಗದದಲ್ಲಿರುವುದಕ್ಕಿಂತ ಜಾಸ್ತಿ ಅನ್ನಿಸುವುದಕ್ಕೆ ಅದೂ ಒಂದು ಕಾರಣ.

ಇನ್ನು ನಿಮ್ಮ ಸ್ನೇಹಿತರ ಮಾತು. ಅದರಲ್ಲಿ ಅರ್ಧ ನಿಜ ಇದೆ. ಇದರ ಡಿಸಿಟಿ ಡ್ರೈ ಕ್ಲಚ್ಚಿನದು. ಒಳಗೆ ಎರಡು ಕ್ಲಚ್: 1, 3, 5, 7ನೇ ಗೇರಿಗೆ ಒಂದು, 2, 4, 6ಕ್ಕೆ ಇನ್ನೊಂದು. ಕ್ಲಚ್ ಪ್ಲೇಟು ಎಣ್ಣೆಯಲ್ಲಿ ಮುಳುಗಿರುವುದಿಲ್ಲ, ಬಿಸಿ ಆರಬೇಕಾದರೆ ಗಾಳಿಯೇ ಗತಿ. ಮಾಮೂಲಿ ಟಾರ್ಕ್ ಕನ್ವರ್ಟರ್ ಆಟೋಮ್ಯಾಟಿಕ್‌ನಲ್ಲಿ ನಿಧಾನಕ್ಕೆ ತೆವಳುವ ಕೆಲಸವನ್ನು ಎಣ್ಣೆ ಮಾಡುತ್ತದೆ, ಇಲ್ಲಿ ಪ್ಲೇಟಿನ ಉಜ್ಜಾಟ ಮಾಡುತ್ತದೆ. ಸಿಲ್ಕ್ ಬೋರ್ಡ್‌ನಿಂದ ಇಬ್ಬಲೂರಿನವರೆಗೆ, ಅದರಲ್ಲೂ ಮೆಟ್ರೊ ನೀಲಿ ಮಾರ್ಗದ ಕೆಲಸದ ಪಕ್ಕದಲ್ಲಿ ಗೇಣುದ್ದ ಗೇಣುದ್ದ ಮುಂದೆ ಹೋಗುತ್ತಿದ್ದರೆ ಒಂದನೇ ಗೇರಿನ ಕ್ಲಚ್ ಪೂರ್ತಿ ಕೂಡಿಕೊಳ್ಳುವುದೇ ಇಲ್ಲ, ಜಾರುತ್ತಲೇ ಇರುತ್ತದೆ. ನೀವು ಮ್ಯಾನುವಲ್‌ನಲ್ಲಿ ಹಾಫ್ ಕ್ಲಚ್ಚಲ್ಲಿ ಅರ್ಧ ಗಂಟೆ ನಿಂತ ಹಾಗೆ.

ನನ್ನ ಗ್ಯಾರೇಜಿಗೆ ಒಮ್ಮೆ ಒಂದು ಡ್ಯುಯಲ್ ಕ್ಲಚ್ ಗಾಡಿ ಬಂತು. ಕಂಪನಿಯ ಹೆಸರು ಬೇಡ, ತಪ್ಪು ಗಾಡಿಯದಾಗಿರಲಿಲ್ಲ. ಹೊರಡುವಾಗ ನಡುಕ, ಸುಟ್ಟ ವಾಸನೆ. ವಿಚಾರಿಸಿದರೆ, ಅವರ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಇಳಿಜಾರಿನಲ್ಲಿ ಗೇಟು ತೆರೆಯುವವರೆಗೆ ದಿನಾ ಎರಡು ಹೊತ್ತು ಆಕ್ಸಿಲರೇಟರ್ ತುಸು ಒತ್ತಿ ಹಿಡಿದೇ ಗಾಡಿಯನ್ನು ನಿಲ್ಲಿಸಿಕೊಳ್ಳುತ್ತಿದ್ದರಂತೆ. ಬ್ರೇಕ್ ಮೇಲೆ ಕಾಲಿಟ್ಟಿದ್ದರೆ ಆ ಕ್ಲಚ್ ಇನ್ನೂ ಎಷ್ಟೋ ವರ್ಷ ಬಾಳುತ್ತಿತ್ತು. ಮನಸ್ಸಿಗೆ ಬೇಜಾರಾದ ಕೆಲಸ ಅದು, ಯಾಕೆಂದರೆ ಗಾಡಿ ಕೊಡುವಾಗ ಅವರಿಗೆ ಯಾರೂ ಈ ಒಂದು ಮಾತು ಹೇಳಿಕೊಟ್ಟಿರಲಿಲ್ಲ.

ಮ್ಯಾನುವಲ್‌ಗೂ ಅದರದೇ ಆದ ಕಷ್ಟ ಇದೆ. 1,500 ಆರ್‌ಪಿಎಂಗಿಂತ ಕೆಳಗೆ ಟರ್ಬೊ ಎದ್ದಿರುವುದಿಲ್ಲ. ಹಂಪ್ ದಾಟಿ ಎರಡನೇ ಗೇರಿನಲ್ಲೇ ಎಳೆಯೋಣ ಅಂದರೆ ಗಾಡಿ ಮುಗ್ಗರಿಸುತ್ತದೆ, ಒಂದಕ್ಕೆ ಇಳಿಯಲೇಬೇಕು. ನಾಗರಭಾವಿಯ ಒಳರಸ್ತೆಯ ಹಂಪುಗಳಲ್ಲಿ ಇದು ದಿನದ ಪಾಡು. ಆದರೆ ಹಾಸನ ದಾಟಿ ಬೇಲೂರು–ಮೂಡಿಗೆರೆ ರಸ್ತೆಗೆ ಬಿದ್ದ ಮೇಲೆ, ಎದುರಿಗೆ ರಸ್ತೆ ಖಾಲಿ ಕಂಡಾಗ ಮೂರಕ್ಕೆ ಇಳಿಸಿ ಕೆಂಪು ಬಸ್ಸನ್ನು ದಾಟುವ ಸುಖ ಇದೆಯಲ್ಲ, ಅದು ನಿಮ್ಮ ಕೈಯಲ್ಲೇ ಇರಬೇಕು ಅಂತ ನನಗೆ ಅನ್ನಿಸುತ್ತದೆ. ಈ ಗಾಡಿಗೆ ಸ್ಟೀರಿಂಗ್ ಮಾಮೂಲಿ ಐ20ಗಿಂತ ಭಾರ, ಸಸ್ಪೆನ್ಷನ್ ಬಿಗಿ, ನಾಲ್ಕೂ ಚಕ್ರಕ್ಕೆ ಡಿಸ್ಕ್. ಅದರ ಜೊತೆಗೆ ಗೇರಿನ ಕೋಲೂ ಇದ್ದರೆ ಗಾಡಿ ಒಂದೇ ಮನಸ್ಸಿನಿಂದ ಓಡುತ್ತದೆ.

ಹಣದ ಮಾತು. 2025ರ ಸೆಪ್ಟೆಂಬರ್ 22ರಿಂದ ಈ ಅಳತೆಯ ಪೆಟ್ರೋಲ್ ಕಾರಿಗೆ ಜಿಎಸ್‌ಟಿ 18%. ಮೊದಲು ಸೆಸ್ ಸೇರಿ 29% ಇತ್ತು. ಅಲ್ಲಿ ಉಳಿದದ್ದನ್ನು ನಮ್ಮ ರಾಜ್ಯದ ರಸ್ತೆ ತೆರಿಗೆಯಲ್ಲಿ ಕಳೆದುಕೊಳ್ಳಬೇಡಿ. ಗಾಡಿಯ ಬೆಲೆ 5ರಿಂದ 10 ಲಕ್ಷದ ಒಳಗಿದ್ದರೆ ಜೀವಿತಾವಧಿ ತೆರಿಗೆ 14%, ದಾಟಿದರೆ ಪೂರ್ತಿ ಬೆಲೆಯ ಮೇಲೆ 17%, ಅದರ ಮೇಲೆ ಸೆಸ್. ಲೆಕ್ಕ ಹಾಕಿ: 9.5 ಲಕ್ಷದ ಗಾಡಿಗೆ 1,33,000, 10.5 ಲಕ್ಷದ ಗಾಡಿಗೆ 1,78,500. ಬೆಲೆ ಏರಿದ್ದು ಒಂದು ಲಕ್ಷ, ತೆರಿಗೆಯೊಂದೇ 45,500 ಏರಿತು. ಎನ್ ಲೈನ್‌ನ ಕೆಳಗಿನ ಆವೃತ್ತಿಯಾದ ಎನ್6 ಮ್ಯಾನುವಲ್ ಈ ಗೆರೆಯ ಒಳಗೆ ಬರುತ್ತದೆ. ಶೋರೂಮಿನಲ್ಲಿ ಎಕ್ಸ್‌ಶೋರೂಮ್ ಬೆಲೆ ಮತ್ತು ತೆರಿಗೆಯನ್ನು ಬೇರೆಬೇರೆ ಸಾಲಿನಲ್ಲಿ ಬರೆಸಿಕೊಳ್ಳಿ, ಬರೀ ಆನ್‌ರೋಡ್ ಮೊತ್ತ ನೋಡಿದರೆ ಇದು ಕಾಣುವುದಿಲ್ಲ. ಮತ್ತೆ 10 ಲಕ್ಷ ದಾಟಿದ ಗಾಡಿಗೆ 1% ಟಿಸಿಎಸ್ (ಮಾರುವಾಗಲೇ ವಸೂಲು ಮಾಡುವ ಆದಾಯ ತೆರಿಗೆ) ಹಿಡಿಯುತ್ತಾರೆ. ಅದು ನಷ್ಟವಲ್ಲ, ಐಟಿ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು.

ನೀವು ಹೇಳಿದ ಬಳಕೆಗೆ, ನೀವೊಬ್ಬರೇ ಓಡಿಸುವುದಾದರೆ, ನನ್ನ ಓಟು ಎನ್6 ಮ್ಯಾನುವಲ್‌ಗೆ.

ನಾಗರಭಾವಿಯವರು:

ತುಂಬಾ ಥ್ಯಾಂಕ್ಸ್ ಸರ್, ತೆರಿಗೆಯ ಲೆಕ್ಕ ಗೊತ್ತೇ ಇರಲಿಲ್ಲ. ಒಂದು ವಿಷಯ ಬರೆಯೋದು ಬಿಟ್ಟಿದ್ದೆ. ನಾನು ಆಫೀಸಿಗೆ ಹೋಗದ ಎರಡು ದಿನ ಗಾಡಿ ನನ್ನ ಹೆಂಡತಿಗೆ ಬೇಕು, ಜಯನಗರಕ್ಕೆ ಕೆಲಸಕ್ಕೆ ಹೋಗ್ತಾಳೆ. ಅವಳು ಓಡಿಸಿರೋದೆಲ್ಲ ಆಟೋಮ್ಯಾಟಿಕ್ಕೇ. ಅವಳ ತವರು ಉಜಿರೆ, ಹಬ್ಬಕ್ಕೆ ಹೋಗುವಾಗ ಚಾರ್ಮಾಡಿ ಘಾಟಿ ಇಳಿಯೋದು ಅವಳೇ. "ಮ್ಯಾನುವಲ್ ತಂದ್ರೆ ನನಗೆ ಗಾಡಿ ಇಲ್ಲ ಅಂತಲೇ ಲೆಕ್ಕ" ಅಂದಳು. ನನ್ನ ತಂದೆ ಹಿಂದಿನ ಸೀಟಲ್ಲಿ ಕೂರ್ತಾರೆ, ಅವರಿಗೆ ಬೆನ್ನು ನೋವು.

ಗ್ಯಾರೇಜಿನಿಂದ:

ಹಾಗಾದರೆ ನನ್ನ ಓಟು ವಾಪಸ್. ಡಿಸಿಟಿ ತಗೊಳ್ಳಿ. ಮನೆಯಲ್ಲಿ ಇಬ್ಬರು ಓಡಿಸುವವರಿದ್ದು ಒಬ್ಬರು ಮುಟ್ಟಲಾಗದ ಗಾಡಿ ತರುವುದು ಸರಿಯಲ್ಲ. ತೆರಿಗೆಯ ಆ ವ್ಯತ್ಯಾಸ ಎರಡನೇ ಗಾಡಿಯ ಖರ್ಚಿನ ಮುಂದೆ ಏನೂ ಅಲ್ಲ.

ಆದರೆ ಡಿಸಿಟಿಯನ್ನು ಹೀಗೆ ಓಡಿಸಬೇಕು, ಇದನ್ನು ನಿಮ್ಮ ಮನೆಯವರಿಗೂ ಓದಿ ಹೇಳಿ. ಮುಂದಿನ ಗಾಡಿ ಗೇಣು ಸರಿದ ತಕ್ಷಣ ನೀವೂ ಸರಿಯಬೇಡಿ. ಒಂದೆರಡು ಕಾರಿನಷ್ಟು ಜಾಗ ಬಿಡುವವರೆಗೆ ಬ್ರೇಕ್ ಪೂರ್ತಿ ಒತ್ತಿ ನಿಂತಿರಿ. ಬ್ರೇಕ್ ಗಟ್ಟಿಯಾಗಿ ಒತ್ತಿದಾಗ ಗಾಡಿ ಕ್ಲಚ್ಚನ್ನು ಬಿಡಿಸಿಕೊಂಡಿರುತ್ತದೆ, ಅರ್ಧಂಬರ್ಧ ಒತ್ತಿದಾಗಲೇ ಉಜ್ಜುವುದು. ಜಾಗ ಬಿಟ್ಟಾಗ ಮನಸ್ಸು ಗಟ್ಟಿ ಮಾಡಿ ಹೊರಡಿ, ಕ್ಲಚ್ ಬೇಗ ಪೂರ್ತಿ ಕೂಡಿಕೊಳ್ಳಲಿ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ. ನಿಮಿಷಕ್ಕಿಂತ ಜಾಸ್ತಿ ನಿಲ್ಲುವ ಸಿಗ್ನಲ್ಲಿನಲ್ಲಿ ನ್ಯೂಟ್ರಲ್‌ಗೆ ಹಾಕಿ ಹ್ಯಾಂಡ್ ಬ್ರೇಕ್ ಎಳೆಯಿರಿ. ಫ್ಲೈಓವರ್ ಏರಿನಲ್ಲಿ ಸಿಕ್ಕಿಕೊಂಡಾಗ ಆಕ್ಸಿಲರೇಟರ್‌ನಿಂದ ಗಾಡಿ ಹಿಡಿದು ನಿಲ್ಲಿಸುವುದು ಬೇಡವೇ ಬೇಡ. ಬ್ರೇಕ್ ಹಿಡಿಯಿರಿ, ಕಾಲು ತೆಗೆದ ಕ್ಷಣ ಹಿಂದೆ ಸರಿಯದ ಹಾಗೆ ಹಿಲ್ ಅಸಿಸ್ಟ್ ನೋಡಿಕೊಳ್ಳುತ್ತದೆ. ಗೇರ್‌ಬಾಕ್ಸ್ ಬಿಸಿಯಾಗಿದೆ ಅಂತ ಮೀಟರಿನಲ್ಲಿ ಎಚ್ಚರಿಕೆ ಬಂದರೆ ಪಕ್ಕಕ್ಕೆ ನಿಲ್ಲಿಸಿ, ಪಾರ್ಕ್‌ಗೆ ಹಾಕಿ, ಇಂಜಿನ್ ಆಫ್ ಮಾಡದೆ ಸಂದೇಶ ಹೋಗುವವರೆಗೆ ಕಾಯಿರಿ.

ಚಾರ್ಮಾಡಿ ಇಳಿಯುವಾಗ ಡಿಯಲ್ಲೇ ಬಿಟ್ಟು ಬ್ರೇಕ್ ಮೇಲೆ ಕೂರಬಾರದು. ಸ್ಟೀರಿಂಗ್ ಹಿಂದಿನ ಪ್ಯಾಡಲ್‌ನಿಂದ ಎರಡು ಅಥವಾ ಮೂರನೇ ಗೇರಿಗೆ ಇಳಿಸಿಕೊಂಡರೆ ಇಂಜಿನ್ನೇ ಗಾಡಿಯನ್ನು ತಡೆಯುತ್ತದೆ, ಬ್ರೇಕು ತಿರುವಿಗೆ ಉಳಿಯುತ್ತದೆ. ಡಿಸಿಟಿಯಲ್ಲಿ ನನಗೆ ನಿಜವಾಗಿ ಇಷ್ಟವಾಗುವುದು ಘಾಟಿಯಲ್ಲೇ.

ತಂದೆಯವರ ವಿಷಯ ಸಣ್ಣದಲ್ಲ. ಇದಕ್ಕೆ 195/55 ಆರ್16 ಟೈರು, ಅಂದರೆ ಟೈರಿನ ಗೋಡೆ ಬರೀ 10.7 ಸೆಂ.ಮೀ. ಸಸ್ಪೆನ್ಷನ್ ಬಿಗಿ ಅಂತ ಮೊದಲೇ ಹೇಳಿದೆ. ಹೆದ್ದಾರಿಯಲ್ಲಿ ಅದೇ ಬಿಗಿ ವರ, ಗುಂಡಿ ಬಿದ್ದ ಗಲ್ಲಿಯಲ್ಲಿ ಏಟು ಹಿಂದಿನ ಸೀಟಿಗೆ ಮುಟ್ಟುತ್ತದೆ. ಯಾವ ಗೇರ್‌ಬಾಕ್ಸ್ ತಗೊಂಡರೂ ಇದು ಬದಲಾಗುವುದಿಲ್ಲ. ಅವರನ್ನು ಕೂರಿಸಿಕೊಳ್ಳದೆ ಬುಕ್ ಮಾಡಬೇಡಿ.

ಟೆಸ್ಟ್ ಡ್ರೈವ್ ಭಾನುವಾರ ಬೆಳಗ್ಗೆ ಬೇಡ. ಕೆಲಸದ ದಿನ ಸಂಜೆ ಆರಕ್ಕೆ ಕೇಳಿ. ಒಂದು ಏರಿನ ಮೇಲೆ ನಿಲ್ಲಿಸಿ ಹೊರಡಿ, ಸಾಧ್ಯವಾದರೆ ನಿಮ್ಮ ಮನೆಯ ಬೇಸ್‌ಮೆಂಟಿಗೇ ಇಳಿಸಿ ಹತ್ತಿಸಿ. ಅರ್ಧ ದೂರ ನಿಮ್ಮ ಮನೆಯವರು ಓಡಿಸಲಿ.

ಕೆಂಗೇರಿಯಿಂದ ಇನ್ನೊಬ್ಬರು:

ಸರ್, ನಡುವೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. 2022ರ ಎನ್ ಲೈನ್ ಸೆಕೆಂಡ್‌ಹ್ಯಾಂಡ್ ನೋಡಿದೆ, ಗೇರಿದೆ, ಕ್ಲಚ್ ಪೆಡಲ್ ಇಲ್ಲ. ತಗೋಬಹುದಾ? ಮತ್ತೆ ಇಂಜಿನ್ ಬಲ ಹೆಚ್ಚಿಸೋಕೆ ಸಾಫ್ಟ್‌ವೇರ್ ಬದಲಿಸೋ ಸ್ಟೇಜ್ 1 ಟ್ಯೂನಿಂಗ್ ಮಾಡಿಸಿದ್ರೆ ಹೇಗೆ?

ಗ್ಯಾರೇಜಿನಿಂದ:

ಅದು ಐಎಂಟಿ. 2021ರ ಸೆಪ್ಟೆಂಬರ್‌ನಲ್ಲಿ ಎನ್ ಲೈನ್ ಬಂದಾಗ ಐಎಂಟಿ ಮತ್ತು ಡಿಸಿಟಿ ಎರಡೇ ಇದ್ದವು, 2023ರಲ್ಲಿ ಐಎಂಟಿ ತೆಗೆದು ಪೆಡಲ್ ಇರುವ ಮ್ಯಾನುವಲ್ ಕೊಟ್ಟರು. ಗೇರು ನೀವೇ ಹಾಕಬೇಕು, ಕ್ಲಚ್ ಒತ್ತುವ ಕೆಲಸ ಮೋಟಾರಿನದು. ಎಡಗಾಲಿಗೆ ಆರಾಮ, ಆದರೆ ಕ್ಲಚ್ಚಿನ ಮೇಲೆ ನಿಮ್ಮ ಹಿಡಿತ ಇರುವುದಿಲ್ಲ. ಸರ್ವಿಸ್ ದಾಖಲೆ ಪೂರ್ತಿ ಇದ್ದು ಏರಿನಲ್ಲಿ ನಡುಕವಿಲ್ಲದೆ ಹೊರಟರೆ ತಗೊಳ್ಳಬಹುದು.

ಟ್ಯೂನಿಂಗ್ ಬೇಡ. ವಾರಂಟಿ ಹೋಗುತ್ತದೆ, ಕಂಪನಿ ಲೆಕ್ಕ ಹಾಕಿಟ್ಟ ಟಾರ್ಕಿಗಿಂತ ಜಾಸ್ತಿ ಕ್ಲಚ್ಚಿನ ಮೇಲೆ ಬೀಳುತ್ತದೆ. ಆ ದುಡ್ಡಿನಲ್ಲಿ ಒಳ್ಳೆಯ ಟೈರು ಹಾಕಿಸಿ.

ನಾಗರಭಾವಿಯವರು (ಎಂಟು ದಿನದ ಮೇಲೆ):

ಸರ್, ಗುರುವಾರ ಸಂಜೆ ಎರಡೂ ಗಾಡಿ ಓಡಿಸಿದ್ವಿ. ಮ್ಯಾನುವಲ್ ಕೈಗೆ ಬಂದಾಗ ಮನಸ್ಸು ಅಲ್ಲೇ ನಿಂತುಬಿಡ್ತು, ಸುಳ್ಳು ಹೇಳಲ್ಲ. ಆದರೆ ಹೆಂಡತಿ ಡಿಸಿಟಿಯನ್ನ ನಾಯಂಡಹಳ್ಳಿ ಜಂಕ್ಷನ್‌ನಲ್ಲಿ ನೀವು ಹೇಳಿದ ಹಾಗೇ ಜಾಗ ಬಿಟ್ಟು ಓಡಿಸಿದಳು, ಒಂದು ಸಲವೂ ಜಗ್ಗಲಿಲ್ಲ. ಅಪ್ಪ ಹಿಂದೆ ಕೂತಿದ್ರು. ಗುಂಡೀಲಿ ಏಟು ಗೊತ್ತಾಗುತ್ತೆ ಅಂದ್ರು, ಸೊಂಟಕ್ಕೆ ದಿಂಬು ಇಟ್ಟುಕೊಂಡರೆ ಮೂಡಿಗೆರೆವರೆಗೂ ಕೂರ್ತೀನಿ ಅಂತ ಅವರೇ ಹೇಳಿದ್ರು. ಎನ್6 ಡಿಸಿಟಿ ಬುಕ್ ಮಾಡಿದ್ವಿ.

ಗ್ಯಾರೇಜಿನಿಂದ:

ಬಹಳ ಸಂತೋಷ. ಗಾಡಿ ಡೀಲರ್ ಯಾರ್ಡಿಗೆ ಬಂದ ದಿನವೇ ಹೋಗಿ ನೋಡಿ, ರಿಜಿಸ್ಟ್ರೇಷನ್ ಆಗುವ ಮುಂಚೆ. ಚಾಸಿ ನಂಬರನ್ನು ಬಿಲ್ಲಿನ ಜೊತೆ ಹೋಲಿಸಿ, ತಯಾರಾದ ತಿಂಗಳು ನೋಡಿ, ನಾಲ್ಕೂ ಟೈರಿನ ಮೇಲಿನ ವಾರ–ವರ್ಷದ ನಾಲ್ಕಂಕಿ ಓದಿ. ಬಾಗಿಲಿನ ಅಂಚಿನ ಪೇಂಟನ್ನು ಬಿಸಿಲಲ್ಲಿ ನೋಡಿ, ಶೆಡ್ಡಿನ ಒಳಗೆ ಅಲ್ಲ. ಮೊದಲ ಸಾವಿರ ಕಿ.ಮೀ. ಒಂದೇ ವೇಗದಲ್ಲಿ ಎಳೆಯಬೇಡಿ, ಪೂರ್ತಿ ಒತ್ತಲೂ ಬೇಡಿ. ಇಂಜಿನ್ ಆಯಿಲ್ ಬದಲಿಸಲು ಗಾಡಿಯ ಜೊತೆ ಕೊಡುವ ಪುಸ್ತಕದಲ್ಲಿ ಎರಡು ಅವಧಿ ಬರೆದಿರುತ್ತಾರೆ, ಸಾಮಾನ್ಯ ಬಳಕೆಗೆ ಒಂದು, ಕಠಿಣ ಬಳಕೆಗೆ ಒಂದು. ನಿಂತು ಹೊರಡುವ ಟ್ರಾಫಿಕ್ ಕಠಿಣ ಬಳಕೆಯ ಪಟ್ಟಿಯಲ್ಲಿದೆ, ನೀವು ಎರಡನೆಯದನ್ನು ಹಿಡಿಯಿರಿ. ಮೂಡಿಗೆರೆಗೆ ಮೊದಲ ಸಲ ಹೋಗಿ ಬಂದ ಮೇಲೆ ತಂದೆಯವರ ಬೆನ್ನು ಹೇಗಿತ್ತು ಅಂತ ಇಲ್ಲೇ ಬರೆಯಿರಿ.