ಲಾರ್ಡ್ ಆಫ್ ದಿ ರಿಂಗ್ಸ್ ಮೊದಲ ಸಲ ನೋಡುವವರಿಗೆ ಯಾವುದು ಹಾಕಲಿ, ಟಾಕೀಸಿನದ್ದೋ ಉದ್ದದ್ದೋ?

ಮಂಡಗದ್ದೆಯವ

ಎಲ್ಲರಿಗೂ ನಮಸ್ಕಾರ. ಮಳೆ ಅಂತ ರಜೆ ಕೊಟ್ಟಿದ್ದಾರೆ, ಅಣ್ಣನ ಮಕ್ಕಳಿಬ್ಬರೂ ಮನೆಯಲ್ಲೇ ಇದ್ದಾರೆ. ತೋಟಕ್ಕೆ ಮೊದಲನೇ ಔಷಧಿ ಹೊಡೆದಾಗಿದೆ, ನನಗೂ ಸ್ವಲ್ಪ ಬಿಡುವು. ಇವರಿಗೆ ಲಾರ್ಡ್ ಆಫ್ ದಿ ರಿಂಗ್ಸ್ ಮೂರೂ ಭಾಗ ತೋರಿಸಬೇಕು ಅಂತ ನನಗೆ ಬಹಳ ದಿನದ ಆಸೆ. ಇಬ್ಬರೂ ಒಂದನ್ನೂ ನೋಡಿಲ್ಲ. ಅತ್ತಿಗೆಯೂ ಕೂರುತ್ತೇನೆ ಅಂದಿದ್ದಾರೆ. ಮಳೆಗಾಲದಲ್ಲಿ ನಮ್ಮ ಕಡೆ ನೆಟ್‌ವರ್ಕ್ ನಂಬುವ ಹಾಗಿಲ್ಲ, ಒಟಿಟಿ ಹಾಕಿದರೆ ಮಧ್ಯದಲ್ಲಿ ಸುತ್ತುತ್ತಾ ನಿಂತುಬಿಡುತ್ತದೆ, ಹಾಗಾಗಿ ಡಿಸ್ಕೇ ಗತಿ. ನನ್ನ ಹತ್ತಿರ 2020ರಲ್ಲಿ ಬಂದ 4ಕೆ ಬಾಕ್ಸ್ ಇದೆ. ಅದರಲ್ಲಿ ಟಾಕೀಸಿಗೆ ಬಂದದ್ದೂ ಇದೆ, ಆಮೇಲೆ ದೃಶ್ಯ ಸೇರಿಸಿ ಉದ್ದ ಮಾಡಿದ ಎಕ್ಸ್‌ಟೆಂಡೆಡ್ಡೂ ಇದೆ, ತಲೆನೋವು ಇರುವುದೇ ಅಲ್ಲಿ.

ಟಾಕೀಸಿಗೆ ಬಂದದ್ದು 178, 179, 201 ನಿಮಿಷ. ಎಕ್ಸ್‌ಟೆಂಡೆಡ್ ಆದರೆ ಮೂರೂವರೆ ಗಂಟೆಯಿಂದ ಶುರುವಾಗಿ ಕೊನೆಯದು ನಾಲ್ಕು ಗಂಟೆ ದಾಟುತ್ತದೆ. ದೊಡ್ಡವನು ಪಿಯುಸಿ, ಕೂರುತ್ತಾನೆ. ಚಿಕ್ಕವಳು ಆರನೇ ಕ್ಲಾಸು. ಒಂದು ಸಲ ಬೇಜಾರಾಗಿ ಎದ್ದು ಹೋದಳು ಅಂದರೆ ಆಮೇಲೆ ಕೈ ಹಿಡಿದು ಎಳೆದರೂ ಬರುವುದಿಲ್ಲ. ಯಾವುದು ಹಾಕಲಿ? ಸುಮ್ನೆ "ಉದ್ದದ್ದು ಹಾಕಿ" ಅಂತ ಹೇಳಿ ಹೋಗಬೇಡಿ, ಯಾಕೆ ಅಂತಲೂ ಹೇಳಿ.

ಸಾಗರ ಪೇಟೆ

ಕಣ್ಣು ಮುಚ್ಚಿಕೊಂಡು ಟಾಕೀಸಿನದ್ದು ಹಾಕಿ ಮಾರಾಯ್ರೆ.

ಕಾರಣ ಕೇಳಿದಿರಲ್ಲ, ಮೂರನೇ ಭಾಗವನ್ನೇ ತಗೊಳ್ಳಿ. ಯುದ್ಧ ಕೈಮೀರಿ ಹೋಗುತ್ತಿದೆ, ಅಷ್ಟರಲ್ಲಿ ಕಡಲ್ಗಳ್ಳರ ಹಡಗುಗಳು ಬಂದು ನಿಲ್ಲುತ್ತವೆ. ತಮ್ಮ ಕಡೆಯವರೇ ಬಂದರು, ಯಾವಾಗಲೂ ಲೇಟು ಅಂತ ಶತ್ರು ಸೈನ್ಯದ ರಾಕ್ಷಸರಾದ ಓರ್ಕ್‌ಗಳು ಬೈಯುತ್ತಾ ದಡದಲ್ಲಿ ಕಾಯುತ್ತಿರುತ್ತವೆ. ಆಗ ಹಡಗಿನಿಂದ ನಾಯಕರಲ್ಲೊಬ್ಬನಾದ ಅರಗಾರ್ನ್ ಹಾರಿ ಇಳಿಯುತ್ತಾನೆ, ಅವನ ಹಿಂದೆ ಸತ್ತವರ ಸೈನ್ಯ. ಮೊದಲ ಸಲ ನೋಡುವವರಿಗೆ ಮೈ ಜುಮ್ ಅನ್ನುತ್ತದೆ. ಉದ್ದದ್ದರಲ್ಲಿ ಏನು ಮಾಡಿದ್ದಾರೆ? ಸತ್ತವರ ರಾಜ ಯುದ್ಧಕ್ಕೆ ಒಪ್ಪಿದ್ದು, ಅರಗಾರ್ನ್ ಆ ಹಡಗುಗಳನ್ನು ಅಡ್ಡಗಟ್ಟಿದ್ದು ಎಲ್ಲ ಮುಂಚೆಯೇ ತೋರಿಸಿಬಿಡುತ್ತಾರೆ. ಹಡಗು ಬಂದಾಗ ಒಳಗೆ ಯಾರಿದ್ದಾರೆ ಅಂತ ನಮಗೆ ಗೊತ್ತು. ಆ ಒಂದು ಕ್ಷಣಕ್ಕಾಗಿ ಇಡೀ ಯುದ್ಧ ಕಟ್ಟಿದ್ದರು, ಅದೇ ಹೋಯಿತು.

ನಿರ್ದೇಶಕ ಪೀಟರ್ ಜಾಕ್ಸನ್ ಕೂಡ ಟಾಕೀಸಿಗೆ ಬಂದದ್ದೇ ತನ್ನ ಅಸಲಿ ಸಿನಿಮಾ, ಉದ್ದದ್ದು ಅಭಿಮಾನಿಗಳಿಗೆ ಅಂತ ಹೇಳಿದ್ದಾರೆ. ಮೂರನೇ ಭಾಗಕ್ಕೆ 11 ಆಸ್ಕರ್ ಬಂದದ್ದೂ ಚಿಕ್ಕದ್ದಕ್ಕೇ.

ಕೊಪ್ಪದ ಕಾಫಿ

ನಾನು ಒಪ್ಪಲ್ಲ. ಹಡಗಿನ ಮಾತು ಸರಿ, ಅದೊಂದು ಬಿಟ್ಟುಕೊಡುತ್ತೇನೆ. ಆದರೆ ಎರಡನೇ ಭಾಗದಲ್ಲಿ ದಳಪತಿ ಫರಾಮಿರ್‌ಗೆ ಆದ ಅನ್ಯಾಯ ನೋಡಿ. ಟಾಕೀಸಿನದ್ದರಲ್ಲಿ ಅವನು ಉಂಗುರ ಹೊತ್ತು ಹೊರಟ ಫ್ರೋಡೋನನ್ನು ಹಿಡಿದು ಎಳೆದುಕೊಂಡು ಹೋಗುವ ಒಬ್ಬ ಒರಟ, ಅಷ್ಟೇ. ಉದ್ದದ್ದರಲ್ಲಿ ಒಂದು ಹಳೆಯ ನೆನಪು ಬರುತ್ತದೆ. ಅಣ್ಣ ಬೊರೊಮಿರ್ ಊರು ಗೆದ್ದಿದ್ದಾನೆ, ಅಣ್ಣ ತಮ್ಮ ಖುಷಿಯಲ್ಲಿ ಕುಡಿದು ನಗುತ್ತಿದ್ದಾರೆ, ಅಲ್ಲಿಗೆ ಅಪ್ಪ ಬರುತ್ತಾನೆ. ಬಂದವನು ದೊಡ್ಡವನನ್ನು ಅಪ್ಪಿಕೊಳ್ಳುತ್ತಾನೆ, ಚಿಕ್ಕವನನ್ನು ಎಲ್ಲರ ಮುಂದೆ ಹೀಯಾಳಿಸುತ್ತಾನೆ. ಉಂಗುರ ತರಲು ಬೊರೊಮಿರ್ ಯಾಕೆ ಹೋದ ಅಂತಲೂ ಅಲ್ಲೇ ಗೊತ್ತಾಗುತ್ತದೆ. ಆ ಕೆಲವು ನಿಮಿಷ ನೋಡಿದ ಮೇಲೆ ಮೊದಲನೇ ಭಾಗದ ಬೊರೊಮಿರ್ ಕೂಡ ಬೇರೆ ಥರ ಕಾಣುತ್ತಾನೆ. ಅಣ್ಣನ ನೆರಳಲ್ಲಿ ಬೆಳೆದ ಯಾರಿಗಾದರೂ ಆ ದೃಶ್ಯ ಎದೆಗೆ ತಾಗುತ್ತದೆ.

ಇನ್ನು ಸಾರುಮನ್. ಎರಡು ಸಿನಿಮಾ ಪೂರ್ತಿ ಕಾಟ ಕೊಟ್ಟ ವಿಲನ್ ಟಾಕೀಸಿನ ಮೂರನೇ ಭಾಗದಲ್ಲಿ ಮುಖವನ್ನೇ ತೋರಿಸುವುದಿಲ್ಲ! ಗೋಪುರದಲ್ಲಿ ಕೂಡಿ ಹಾಕಿದ್ದೇವೆ ಅಂತ ಬಾಯಿಮಾತಲ್ಲಿ ಮುಗಿಸಿದರು. ಆ ಪಾತ್ರ ಮಾಡಿದ ಕ್ರಿಸ್ಟೋಫರ್ ಲೀ ಅದಕ್ಕೆ ತುಂಬಾ ನೊಂದುಕೊಂಡಿದ್ದರು, ನೊಂದುಕೊಳ್ಳಬೇಕಾದ್ದೇ.

ಮತ್ತೆ, ಇದು ಬೇರೆ ಸಿನಿಮಾಗಳ ಹಾಗೆ ಬಿಸಾಡಿದ ದೃಶ್ಯ ತಂದು ಅಂಟಿಸಿದ್ದಲ್ಲ. ಹೊಸದಾಗಿ ಗ್ರಾಫಿಕ್ಸ್ ಮಾಡಿಸಿ, ಹೋವರ್ಡ್ ಶೋರ್ ಕೈಲಿ ಸಂಗೀತ ಬರೆಸಿ ರೆಕಾರ್ಡ್ ಮಾಡಿಸಿದ್ದಾರೆ. ಉದ್ದ ಅಂತ ಹೆದರಬೇಡಿ, ಬಾಕ್ಸ್ ಮೇಲೆ ಮೊದಲನೆಯದಕ್ಕೆ 228 ನಿಮಿಷ ಅಂತ ಇರುತ್ತದೆ, ಅದರಲ್ಲಿ ಸುಮಾರು 20 ನಿಮಿಷ ಫ್ಯಾನ್ ಕ್ಲಬ್‌ನವರ ಹೆಸರೇ ಓಡುತ್ತದೆ. ಸಿನಿಮಾ ಎರಡು ಡಿಸ್ಕಿನಲ್ಲಿದೆ. ಮೊದಲನೇ ಡಿಸ್ಕ್ ಮುಗಿದ ಕಡೆ ಇಂಟರ್ವಲ್ ಬಿಡಿ, ಹಲಸಿನ ಹಪ್ಪಳ ಕರಿಯಿರಿ. ಇಂಟರ್ವಲ್ ಇಟ್ಟುಕೊಂಡು ಸಿನಿಮಾ ನೋಡುವುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹೆಗ್ಗೋಡು ಬಸ್ಸು

ಟಾಕೀಸಿನದ್ದೇ ಮೇಲು, ಉದ್ದದ್ದೇ ಮೇಲು ಅಂತ ಒಂದೇ ಮಾತಿನಲ್ಲಿ ಹೇಳಲು ಆಗುವುದಿಲ್ಲ. ಕತ್ತರಿ ಹಾಕಿದ್ದು ಯಾರು, ಯಾಕೆ ಹಾಕಿದರು ಅಂತ ನೋಡಬೇಕು.

ರಿಡ್ಲಿ ಸ್ಕಾಟ್ ಅವರ ಕಿಂಗ್ಡಮ್ ಆಫ್ ಹೆವನ್ 2005ರಲ್ಲಿ ಟಾಕೀಸಿಗೆ ಬಂದಾಗ ರಾಣಿ ಸಿಬಿಲಾಗೆ ಒಬ್ಬ ಮಗ ಇದ್ದ ಅನ್ನುವ ಕಥೆಯನ್ನೇ ಪೂರ್ತಿ ತೆಗೆದಿದ್ದರು. ಆ ಹುಡುಗನಿಗೂ ಕುಷ್ಠ ಬರುತ್ತದೆ, ತಾಯಿ ಏನು ಮಾಡುತ್ತಾಳೆ ಅನ್ನುವುದೇ ಅವಳ ಪಾತ್ರದ ಜೀವ. ಅದಿಲ್ಲದೆ ಅವಳು ಕೊನೆಗೆ ಯಾಕೆ ಹಾಗೆ ಕುಸಿದು ಹೋಗುತ್ತಾಳೆ ಅಂತಲೇ ತಿಳಿಯುವುದಿಲ್ಲ. ಅಲ್ಲಿ ನಿರ್ದೇಶಕರು ತಮ್ಮ ಇಷ್ಟದ ಹಾಗೆ ಕೂಡಿಸಿದ ಡೈರೆಕ್ಟರ್ಸ್ ಕಟ್ ಒಂದೇ ಸಿನಿಮಾ, ಇನ್ನೊಂದು ಲೆಕ್ಕಕ್ಕಿಲ್ಲ.

ಸಿನೆಮಾ ಪ್ಯಾರಡೈಸೋ ಇದಕ್ಕೆ ಉಲ್ಟಾ. 124 ನಿಮಿಷದ್ದು ಆಸ್ಕರ್ ಗೆದ್ದಿತು, ಲೋಕವೇ ಅತ್ತಿತು. ಆಮೇಲೆ ಬಂದ 173 ನಿಮಿಷದ್ದರಲ್ಲಿ ನಾಯಕ ವಯಸ್ಸಾದ ಮೇಲೆ ಹಳೆಯ ಪ್ರೇಯಸಿಯನ್ನು ಹುಡುಕಿಕೊಂಡು ಹೋಗುತ್ತಾನೆ. ನಾವು ಮನಸ್ಸಲ್ಲೇ ತುಂಬಿಕೊಂಡಿದ್ದ ಜಾಗಕ್ಕೆಲ್ಲ ಉತ್ತರ ಕೊಟ್ಟರು, ನನಗಂತೂ ಅದು ಬೇಕಿರಲಿಲ್ಲ.

ಏಲಿಯನ್ಸ್ ಒಂದರಲ್ಲೇ ಎರಡೂ ಇದೆ. ಸೇರಿಸಿದ 17 ನಿಮಿಷದಲ್ಲಿ ನಾಯಕಿ ರಿಪ್ಲಿಯ ಮಗಳು ತೀರಿಹೋದ ವಿಷಯ ಬರುತ್ತದೆ, ಕಾಲೊನಿಯಲ್ಲಿ ಸಿಕ್ಕ ಪುಟ್ಟ ಹುಡುಗಿಯನ್ನು ಅವಳು ಯಾಕೆ ಅಷ್ಟು ಹಚ್ಚಿಕೊಂಡಳು ಅಂತ ಅರ್ಥವಾಗುತ್ತದೆ. ಆದರೆ ಅದೇ ಡಿಸ್ಕಿನಲ್ಲಿ ಸೈನಿಕರು ಹೋಗುವ ಮುಂಚೆಯೇ ಆ ಕಾಲೊನಿ ತೋರಿಸಿಬಿಟ್ಟು ಭಯ ಅರ್ಧ ಇಳಿಸುತ್ತಾರೆ.

ಸಾಗರ ಪೇಟೆ

ಏಲಿಯನ್ಸ್ ಮಾತು ನೂರಕ್ಕೆ ನೂರು ಸರಿ. ನಾನು ಹೇಳುವುದೂ ಅದನ್ನೇ, ಮೊದಲ ಸಲ ನೋಡುವವರಿಗೆ ಮುಂದೇನು ಅನ್ನುವ ಕುತೂಹಲ ಮುಖ್ಯ, ಪಾತ್ರದ ಆಳ ಎರಡನೇ ಸಲಕ್ಕೆ ಇರಲಿ. ಆರನೇ ಕ್ಲಾಸಿನ ಹುಡುಗಿಗೆ ಫರಾಮಿರ್ ಅಪ್ಪನ ಕಥೆ ಯಾಕೆ ಬೇಕು?

ಕೊಪ್ಪದ ಕಾಫಿ

ಆ ವಯಸ್ಸಿನಲ್ಲೇ ಬೇಕು. ಮನೆಯಲ್ಲಿ ಅಣ್ಣನನ್ನು ಹೊಗಳಿ ತನ್ನನ್ನು ಬೈದರೆ ಹೇಗಿರುತ್ತದೆ ಅಂತ ಆರನೇ ಕ್ಲಾಸಿನ ತಂಗಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ.

ತುಂಗೆಯ ಆಚೆ ದಡ

ಬಾಕ್ಸಿನಲ್ಲಿ ಎರಡೂ ಇವೆ ಅನ್ನುವುದೇ ಪುಣ್ಯ. ಸ್ಟಾರ್ ವಾರ್ಸ್ ಗತಿ ನೋಡಿ, 1997ರಲ್ಲಿ ತಿದ್ದಿದ ಮೇಲೆ 1977ರಲ್ಲಿ ಜನ ನೋಡಿದ್ದು ಡಿಸ್ಕಿನಲ್ಲಿ ಸರಿಯಾಗಿ ಸಿಗಲೇ ಇಲ್ಲ. 2006ರಲ್ಲಿ ಡಿವಿಡಿ ಜೊತೆ ಬೋನಸ್ ಅಂತ ಕೊಟ್ಟರು, ಅದೂ ಸಾಧಾರಣ ಪ್ರಿಂಟು. ನಮ್ಮ ರಾಮನಗರದಲ್ಲಿ ತೆಗೆದ ಶೋಲೆಯದ್ದು ಇನ್ನೊಂದು ಥರ. ಠಾಕೂರ್ ಕೈಯಲ್ಲೇ ಗಬ್ಬರ್ ಸಾಯುವ ಕೊನೆಯನ್ನು ತುರ್ತು ಪರಿಸ್ಥಿತಿ ಕಾಲದ ಸೆನ್ಸಾರ್ ಒಪ್ಪದೆ, ಪೊಲೀಸರು ಬಂದು ತಡೆಯುವ ಹಾಗೆ ಬದಲಾಯಿಸಬೇಕಾಯಿತು. ಮೊದಲಿನ ಕೊನೆ ಇರುವ ಪ್ರತಿ ಟಾಕೀಸಿಗೆ ಬರಲು 2025ರ ತನಕ ಕಾಯಬೇಕಾಯಿತು. ಅಷ್ಟು ವರ್ಷ ನಾವೆಲ್ಲ ಪ್ರೀತಿಸಿದ್ದು ನಿರ್ದೇಶಕರು ಬಯಸದೇ ಇದ್ದ ಕೊನೆಯನ್ನು. ಹಾಗಂತ ಆ ಹಳೆಯದನ್ನು ಬಿಸಾಡಲೂ ಬಾರದು, ಎರಡೂ ಸಿಗಬೇಕು.

ಕನ್ನಡದಲ್ಲಿ ಇಂಥ ಚರ್ಚೆ ಮಾಡುವಷ್ಟು ಡಿಸ್ಕುಗಳೇ ಇಲ್ಲ ಅನ್ನುವುದು ನನಗೆ ನಿಜವಾಗಲೂ ಸಂಕಟ. ಒಂದು ಕಾಲದಲ್ಲಿ ಪೇಟೆಯಲ್ಲಿ ತಂದ ಡಿವಿಡಿಗಳಲ್ಲಿ ಒಂದೇ ತಟ್ಟೆಗೆ ಮೂರು ಸಿನಿಮಾ ತುರುಕಿ ಹಾಡುಗಳನ್ನೇ ಹಾರಿಸಿರುತ್ತಿದ್ದರು. ತೀರ್ಥಹಳ್ಳಿ ಸೀಮೆಯ ಗಿರೀಶ ಕಾಸರವಳ್ಳಿ ಅವರ ಘಟಶ್ರಾದ್ಧ ರಿಸ್ಟೋರ್ ಆಗಿ 2024ರಲ್ಲಿ ವೆನಿಸ್‌ನಲ್ಲಿ ತೋರಿಸಿದರು. ಅದು ಒಳ್ಳೆಯ ಬ್ಲೂರೇ ಆಗಿ ನಮ್ಮ ಮನೆಗೆ ಯಾವಾಗ ಬರುತ್ತದೋ, ಬಂದ ದಿನವೇ ತಗೊಳ್ಳುತ್ತೇನೆ.

ಮಂಡಗದ್ದೆಯವರೇ, ಹಾಕುವ ಮುಂಚೆ ಡಿಸ್ಕ್ ಬೆಳಕಿಗೆ ಹಿಡಿದು ನೋಡಿ. ಈ ಥಂಡಿಗೆ ಬೂಷ್ಟು ಹಿಡಿದಿರುತ್ತದೆ. ಸೋಪಿನ ನೀರಲ್ಲಿ ಮೆತ್ತಗೆ ತೊಳೆದು, ಮೆದು ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರ ಒರೆಸಿ, ಸುತ್ತ ಉಜ್ಜಬೇಡಿ.

ಮಂಡಗದ್ದೆಯವ

ಎಲ್ಲರಿಗೂ ಥ್ಯಾಂಕ್ಸ್. ಬೂಷ್ಟು ಇತ್ತು, ತೊಳೆದೆ, ಈಗ ಸರಿಯಾಗಿ ಓಡುತ್ತಿದೆ. ಮೊದಲನೆಯದು ಟಾಕೀಸಿನದ್ದು ಹಾಕುತ್ತೇನೆ, ಕಥೆಗೆ ಬೇಗ ಇಳಿಯಲಿ. ಎರಡನೆಯದು ಫರಾಮಿರ್‌ಗಾಗಿ ಉದ್ದದ್ದೇ. ಮೂರನೆಯದು ಹಡಗಿನ ದೃಶ್ಯಕ್ಕಾಗಿ ಮತ್ತೆ ಟಾಕೀಸಿನದ್ದು. ಹೀಗೆ ಬೆರೆಸಿದರೆ ಕಥೆ ಎಲ್ಲಾದರೂ ಕೆಡುತ್ತದಾ?

ಕೊಪ್ಪದ ಕಾಫಿ

ಕೆಡಲ್ಲ. ಕಥೆಯ ಒಂದು ಕಾಡಾದ ಲಾಥ್ಲೋರಿಯನ್‌ನಲ್ಲಿ ಎಲ್ಲರಿಗೂ ಉಡುಗೊರೆ ಕೊಡುವುದು ಮೊದಲನೆಯದರ ಉದ್ದದ್ದರಲ್ಲಿ ಪೂರ್ತಿ ಇದೆ, ಟಾಕೀಸಿನದ್ದರಲ್ಲಿ ಕಡಿಮೆ. ಫ್ರೋಡೋನ ಗೆಳೆಯ ಸ್ಯಾಮ್ ಹತ್ತಿರ ಆ ಹಗ್ಗ ಎಲ್ಲಿಂದ ಬಂತು ಅಂತ ಮಕ್ಕಳು ಕೇಳಿದರೆ ಬಾಯಲ್ಲೇ ಹೇಳಿ. ಸಾರುಮನ್ ಸಾಯುವುದು ಮೂರನೇ ಭಾಗದ ಉದ್ದದ್ದರ ಮೊದಲನೇ ಡಿಸ್ಕಿನಲ್ಲಿ, ಶುರುವಿನ ಹತ್ತಿರವೇ ಇದೆ. ಅದೊಂದನ್ನು ಮೊದಲು ಹಾಕಿ ತೋರಿಸಿ, ಆಮೇಲೆ ಡಿಸ್ಕ್ ಬದಲಾಯಿಸಿ ಟಾಕೀಸಿನದ್ದು ಶುರು ಮಾಡಿ.