ಗಂಡನಿಗೆ ಫುಡ್ ಸ್ಟ್ಯಾಂಪ್ ಬರ್ತಿದೆ, ನನ್ನ ಗ್ರೀನ್ ಕಾರ್ಡಿಗೆ ತೊಂದರೆ ಆಗುತ್ತಾ?

ಕೇಳಿದವರು, ಶಿಕಾಗೊ: ನನ್ನ ಗಂಡ ಅಮೆರಿಕದ ಸಿಟಿಜನ್. ಕೆಲಸ ಹೋಗಿ ಏಳು ತಿಂಗಳಾಯಿತು. ಅವರ ಹೆಸರಲ್ಲಿ ಫುಡ್ ಸ್ಟ್ಯಾಂಪ್ (ದಿನಸಿಗೆ ಸರ್ಕಾರದ ನೆರವು), ಮೆಡಿಕೇಡ್ (ಕಡಿಮೆ ಆದಾಯದವರ ಸರ್ಕಾರಿ ಆರೋಗ್ಯ ವಿಮೆ) ಎರಡೂ ಇವೆ. ನಾನು ಎಫ್-1 ವಿದ್ಯಾರ್ಥಿ ವೀಸಾ ಮೇಲಿದ್ದೇನೆ, ಏನೂ ತಗೊಂಡಿಲ್ಲ. ಈಗ ಐ-485 (ಗ್ರೀನ್ ಕಾರ್ಡ್ ಅರ್ಜಿ) ಹಾಕಿದರೆ ಪಬ್ಲಿಕ್ ಚಾರ್ಜ್, ಅಂದರೆ ಸರ್ಕಾರಕ್ಕೆ ಹೊರೆ ಆಗ್ತಾಳೆ, ಅಂತ ತಿರಸ್ಕರಿಸ್ತಾರಾ? ಅನುಭವ ಇದ್ದವರು ಹೇಳಿ.

ಸ್ಯಾಕ್ರಮೆಂಟೊ ಅಕ್ಕ: ತಂಗಿ, ನಾವು ಹಾಕಿದ್ದು 2020ರಲ್ಲಿ. ಆಗ ಐ-944 ಅಂತ ಇನ್ನೊಂದು ಫಾರಂ ಇತ್ತು. ಕ್ರೆಡಿಟ್ ರಿಪೋರ್ಟ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಜೋಡಿಸಬೇಕಿತ್ತು. ಮಗಳಿಗೆ ಐದು ತಿಂಗಳು, ಇಲ್ಲೇ ಹುಟ್ಟಿದವಳು. ಅವಳ ಹೆಸರಲ್ಲಿ ತಾಯಿ-ಮಕ್ಕಳ ಆಹಾರಕ್ಕೆ ಸರ್ಕಾರ ನೆರವು ಕೊಡುವ ವಿಕ್‌ನಿಂದ ಫಾರ್ಮುಲಾ ಬರುತ್ತಿತ್ತು. ಯಾರೋ ಹೆದರಿಸಿದರು. ವಿಕ್ ಕಾರ್ಡನ್ನು ಕತ್ತರಿಯಲ್ಲಿ ಕತ್ತರಿಸಿ ಹಾಕಿದೆ. ಆಮೇಲೆ ದುಡ್ಡು ಕೊಟ್ಟೇ ತಂದೆವು. ಪ್ರತಿ ಡಬ್ಬದ ಬೆಲೆ ಮುಚ್ಚಳದ ಮೇಲೆ ಪೆನ್ನಲ್ಲಿ ಬರೆದಿಡುತ್ತಿದ್ದೆ. ಏಳು ತಿಂಗಳಿಗೆ 1,100 ಡಾಲರ್ ದಾಟಿತು. ಮಾರ್ಚ್ 2021ರಲ್ಲಿ ಆ ಫಾರಂ ಕೇಳುತ್ತಿದ್ದ ರೂಲೇ ಹೋಯಿತು. ಆ ರೂಲಿನಲ್ಲೂ ವಿಕ್ ಲೆಕ್ಕಕ್ಕೇ ಇರಲಿಲ್ಲ ಅಂತ ಗೊತ್ತಾದ ದಿನ ಕೂತು ಅತ್ತುಬಿಟ್ಟೆ.

ಎಡಿಸನ್, ನ್ಯೂಜೆರ್ಸಿ: ಫುಡ್ ಸ್ಟ್ಯಾಂಪ್ ಬಿಡಿ, ಬಿಸಿ ಮುಟ್ಟಿಸೋದು ಐ-864, ಅಂದರೆ ಸಂಗಾತಿಯನ್ನು ಸಾಕುವಷ್ಟು ಆದಾಯ ಇದೆ ಅಂತ ಸಿಟಿಜನ್ ಬರೆದುಕೊಡುವ ಹೊಣೆಪತ್ರ. ಸರ್ಕಾರದ ಆ ಸಹಾಯವನ್ನು ಆದಾಯ ಅಂತ ಎಣಿಸೋದಿಲ್ಲ. 2025ರ ಪಟ್ಟಿಯಲ್ಲಿ ಇಬ್ಬರ ಸಂಸಾರಕ್ಕೆ 26,437 ಡಾಲರ್ ತೋರಿಸಬೇಕಿತ್ತು. ಸಿಟಿಜನ್ ನನ್ನ ಹೆಂಡತಿ, ಡೇಕೇರ್ ಕೆಲಸದಿಂದ ಅವಳಿಗೆ ಬರ್ತಿದ್ದದ್ದು 19,000. ಐ-130ಗೆ (ಸಿಟಿಜನ್ ಸಂಗಾತಿ ಹಾಕುವ ಅರ್ಜಿ) 675, ಐ-485ಗೆ 1,440, ವರ್ಕ್ ಪರ್ಮಿಟ್‌ಗೆ 260, ಮೆಡಿಕಲ್‌ಗೆ 420. ಒಟ್ಟು 2,795. ಅಷ್ಟು ಕಟ್ಟಿದ ಮೇಲೆ ಆರ್‌ಎಫ್‌ಇ (ಇನ್ನಷ್ಟು ದಾಖಲೆ ಕೇಳುವ ಪತ್ರ) ಬಂತು, ಜಾಯಿಂಟ್ ಸ್ಪಾನ್ಸರ್, ಅಂದರೆ ಜೊತೆಗೆ ಹೊಣೆ ಹೊರುವ ಇನ್ನೊಬ್ಬರನ್ನು, ತೋರಿಸಿ ಅಂತ. ಚಿಕ್ಕಪ್ಪ ಒಪ್ಪಿದರು, ಚಿಕ್ಕಮ್ಮ ಸುತರಾಂ ಬೇಡ ಅಂದರು. ಎರಡು ತಿಂಗಳು ಎರಡು ಮನೆಗೂ ಮಾತಿಲ್ಲ. ಗಡುವಿಗೆ ಒಂಬತ್ತು ದಿನ ಇರುವಾಗ ಅವರ ಅಡುಗೆಮನೆ ಕಟ್ಟೆ ಮೇಲೆ ಸಹಿ ಆಯಿತು. ಸರ್ಕಾರದ ಒಂದು ಪೈಸೆಯನ್ನೂ ನಾವು ಮುಟ್ಟಲಿಲ್ಲ.

ಸ್ಯಾಕ್ರಮೆಂಟೊ ಅಕ್ಕ: ಆ ಕೊನೇ ಮಾತು ಯಾಕೆ ಸರ್? ನಾವು ಮುಟ್ಟಿದ್ದು ಮಗುವಿನ ಹಾಲು.

ಬೇ ಏರಿಯಾ, ಎಚ್-1ಬಿ: ಕೆಲಸದ ವೀಸಾ ಮೇಲಿದ್ದು, ಇಬಿ-2 ಅನ್ನೋ ಉದ್ಯೋಗದ ಗ್ರೀನ್ ಕಾರ್ಡ್ ಸಾಲಲ್ಲಿ 2015ರಿಂದ ನಿಂತಿದ್ದೇನೆ. ಟ್ಯಾಕ್ಸ್ ಒಂದು ವರ್ಷವೂ ತಪ್ಪಿಸಿಲ್ಲ. ಅಪ್ಪ ತೀರಿಕೊಂಡಾಗ ವಾಪಸ್ ಬರಲು ವೀಸಾ ಸ್ಟ್ಯಾಂಪಿಂಗ್ ಆಗದಿದ್ದರೆ ಅನ್ನೋ ಭಯಕ್ಕೆ ಹಾಸನಕ್ಕೆ ಹೋಗಲಿಲ್ಲ. ಮದುವೆ ಆದವರು ಮುಂದೆ ಹೋಗ್ತಾರೆ, ಮೇಲೆ ಫುಡ್ ಸ್ಟ್ಯಾಂಪ್ ಬೇರೆ.

ಕೊಲಂಬಸ್, ಒಹಾಯೊ: ಅಪ್ಪನ ವಿಷಯ ಕೇಳಿ ಸಂಕಟ ಆಯಿತು. ಆದರೆ ಸಿಟಿಜನ್‌ಗಳ ಗಂಡ-ಹೆಂಡತಿಗೆ ವರ್ಷಕ್ಕೆ ಇಷ್ಟೇ ಗ್ರೀನ್ ಕಾರ್ಡ್ ಅನ್ನೋ ಮಿತಿಯೇ ಇಲ್ಲ. ನಿಮ್ಮ ಸಾಲಿನಿಂದ ಯಾರೂ ಏನೂ ಕಿತ್ತುಕೊಂಡಿಲ್ಲ. ಎಡಿಸನ್ ಸರ್, ನಿಮ್ಮ ಚಿಕ್ಕಮ್ಮ ಹೇಳಿದ್ದೇ ಸರಿ. ನಾನು ಸ್ನೇಹಿತನ ಹೆಂಡತಿಗೆ ಜಾಯಿಂಟ್ ಸ್ಪಾನ್ಸರ್ ಆದೆ. ಎರಡೇ ವರ್ಷಕ್ಕೆ ಅವರಿಗೆ ಡೈವೋರ್ಸ್ ಆಯಿತು. ನನ್ನ ಸಹಿ ಹಾಗೇ ಇದೆ. ಆಕೆ ಸಿಟಿಜನ್ ಆಗಬೇಕು, ಇಲ್ಲವೇ ಅವಳ ಲೆಕ್ಕಕ್ಕೆ 40 ಕ್ವಾರ್ಟರ್ (ಸುಮಾರು ಹತ್ತು ವರ್ಷ) ಕೆಲಸ ತುಂಬಬೇಕು, ಅದೂ ಇಲ್ಲವೇ ಗ್ರೀನ್ ಕಾರ್ಡ್ ಬಿಟ್ಟು ದೇಶದಿಂದಲೇ ಹೋಗಬೇಕು. ಅಲ್ಲಿವರೆಗೂ ಹೊಣೆ ನನ್ನದೇ.

ಎಡಿಸನ್, ನ್ಯೂಜೆರ್ಸಿ: ನಮ್ಮ ಮನೆ ಜಗಳದಲ್ಲಿ ಸರಿ ತಪ್ಪು ಹೇಳೋಕೆ ನೀವ್ಯಾರು?

ಕೊಲಂಬಸ್, ಒಹಾಯೊ: ಸಹಿ ಹಾಕಿ ನಿದ್ದೆಗೆಟ್ಟವನು. ಶಿಕಾಗೊ ಮೇಡಂ, ಡಿಸೆಂಬರ್ 2022ರ ರೂಲಿನಲ್ಲಿ ಸರ್ಕಾರದ ಸಹಾಯಗಳ ಪೈಕಿ ನೋಡೋದು ನೀವೇ ತಗೊಂಡ ಎಸ್‌ಎಸ್‌ಐ (ಬಡ ವೃದ್ಧರಿಗೆ, ಅಂಗವಿಕಲರಿಗೆ ತಿಂಗಳ ಹಣ), ಕ್ಯಾಶ್ ಸಹಾಯ, ಸರ್ಕಾರದ ಖರ್ಚಲ್ಲಿ ದೀರ್ಘಕಾಲದ ಆರೈಕೆ, ಇಷ್ಟೇ. ಗಂಡನ ಫುಡ್ ಸ್ಟ್ಯಾಂಪ್ ನಿಮ್ಮ ಲೆಕ್ಕಕ್ಕೆ ಬರೋದಿಲ್ಲ. ಆದರೆ ಆ ರೂಲನ್ನು ತೆಗೆಯುವ ಪ್ರಸ್ತಾವ ನವೆಂಬರ್ 2025ರಲ್ಲಿ ಬಂದಿದೆ. ಹಾಕುವ ದಿನ ಯಾವ ರೂಲ್ ಇದೆ ಅಂತ ನೋಡಿಯೇ ಹಾಕಿ.

ಕೇಳಿದವರು, ಶಿಕಾಗೊ: ಡೆಟ್ರಾಯಿಟ್‌ನಲ್ಲಿ ನಮ್ಮ ಅತ್ತಿಗೆ ಇದ್ದಾರೆ. ಜಾಯಿಂಟ್ ಸ್ಪಾನ್ಸರ್ ಆಗ್ತೀರಾ ಅಂತ ರಾತ್ರಿ ಫೋನ್ ಮಾಡಿ ಕೇಳ್ತೀನಿ. 40 ಕ್ವಾರ್ಟರ್ ವಿಷಯವನ್ನು ಮೊದಲೇ ಹೇಳಿಬಿಡ್ತೀನಿ.